ಬೀಟಲ್‌ನ ಎಂಜಿನ್ ನಂಬರ್ ಓದಿದ ಮೇಲೆ

ಶನಿವಾರ ಸಂಜೆ ಪಾರ್ಸೆಲ್ ಬಿಚ್ಚಿದೆವು. ನಾಲ್ಕು ಪಿಸ್ಟನ್, ನಾಲ್ಕು ಬ್ಯಾರೆಲ್, ರಿಂಗು, ಪಿನ್ನು. ಎಲ್ಲ ಹೊಸದು, ಎಣ್ಣೆ ಕಾಗದದಲ್ಲಿ ಸುತ್ತಿತ್ತು. ಮಿಸ್ತ್ರಿ ಕಾಕಾ ಒಂದು ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ತೆಗೆದು ರಾಡಿನ ಬುಷ್ ಒಳಗೆ ತೂರಿಸಿದರು. ಅದು ಬಿಗಿಯಾಗಿ ಜಾರಿಕೊಂಡು ಹೋಗಬೇಕು. ಇದು ಒಳಗೆ ಲೊಡಲೊಡ ಅಲ್ಲಾಡಿತು. ವರ್ನಿಯರ್ ಹಿಡಿದು ನೋಡಿದರೆ ಪಿನ್ 20 ಮಿಲಿಮೀಟರ್, ಬುಷ್ 22 ಮಿಲಿಮೀಟರ್.

"ತಮ್ಮಾ, ಎಂಜಿನ್ ನಂಬರ್ ಓದಿದ್ಯೋ ಇಲ್ಲೋ?"

"ಆರ್‌ಸಿ ಒಳಗ ಐತಲ್ರೀ ಕಾಕಾ."

"ಆರ್‌ಸಿ ಒಳಗಿಂದು ಕೇಳಿಲ್ಲೋ. ಎಂಜಿನ್ ಮ್ಯಾಲಿಂದು ಕೇಳಾಕತ್ತೇನಿ."

ಓದಿರಲಿಲ್ಲ. ಎರಡೂವರೆ ತಿಂಗಳು ಕಾದು ತರಿಸಿದ ಸೆಟ್ ಅದು. ಮುಂಬೈನ ವ್ಯಾಪಾರಿ ನಾನು ಕೇಳಿದ್ದನ್ನೇ ಸರಿಯಾಗಿ ಕಳಿಸಿದ್ದರು. ಕೇಳಿದ್ದೇ ತಪ್ಪಾಗಿತ್ತು. ಹಳೇ ಗಾಡಿ ಕೈಗೆತ್ತಿಕೊಳ್ಳುವ ಬೇರೆಯವರಿಗೆ ಈ ಎರಡೂವರೆ ತಿಂಗಳು ಉಳಿಯಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ನಾನು ಧಾರವಾಡದವನು. ವಾಸ್ಕೋಗೆ ಬಂದು ಹನ್ನೊಂದು ವರ್ಷ ಆಯಿತು. ಕಾಕಾ ರೋಣದ ಕಡೆಯವರು, ಗೋವಾದಲ್ಲಿ ಮೂವತ್ತು ವರ್ಷದಿಂದ ಮಿಸ್ತ್ರಿ ಕೆಲಸ. ವೆರ್ಣಾದಲ್ಲಿ ಹಂಚಿನ ಶೆಡ್ಡಿನ ಗ್ಯಾರೇಜ್. ನಮ್ಮ ಕಡೆಯ ಹುಡುಗರು ಯಾರೇ ಗಾಡಿ ಕೊಂಡರೂ ಮೊದಲು ಅವರ ಹತ್ತಿರವೇ ತರುತ್ತಾರೆ. ಈ ಫೋಕ್ಸ್‌ವಾಗನ್ ಬೀಟಲ್ ಸಿಕ್ಕಿದ್ದು ಲೋಟ್ಲಿಯ ಒಂದು ಹಳೇ ಮನೆಯಲ್ಲಿ. 1961ರ ಡಿಸೆಂಬರ್ 19ರವರೆಗೆ ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ ಇತ್ತಲ್ವಾ, ಆಗ ಯುರೋಪಿನ ಗಾಡಿಗಳು ಇಲ್ಲಿಗೆ ನೇರವಾಗಿ ಬರುತ್ತಿದ್ದವು. ಅಂಥ ಒಂದು ಗಾಡಿ ಇದು. ಎಂಜಿನ್ ತಿರುಗುತ್ತಿರಲಿಲ್ಲ. ಬಾಡಿಯ ಕೆಳಗಡೆ ತುಕ್ಕು ಹಿಡಿದಿತ್ತು. ಆದರೂ ಇಡೀ ಗಾಡಿ ಒಂದೇ ಕಡೆ ಇತ್ತು, ಬಿಡಿಭಾಗ ಹರಿದು ಹಂಚಿಹೋಗಿರಲಿಲ್ಲ.

ಚೇಸಿ ನಂಬರ್ ಮಾತ್ರ ಮೊದಲ ದಿನವೇ ನೋಡಿದ್ದೆ. ಬೀಟಲ್‌ನಲ್ಲಿ ಹಿಂದಿನ ಸೀಟ್ ಎತ್ತಿದರೆ ನಡುವೆ ಉದ್ದಕ್ಕೆ ಹೋಗುವ ಟನಲ್ ಕಾಣುತ್ತದೆ. ನಂಬರ್ ಅದರ ಮೇಲೆ ಒತ್ತಿರುತ್ತದೆ. ನಮ್ಮದು ಏಳು ಅಂಕಿ, 28ರಿಂದ ಶುರು. ಆ ಕಾಲದ ಬೀಟಲ್ ಚೇಸಿ ನಂಬರ್‌ಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತಿದ್ದವು. 1959ರ ಆಗಸ್ಟ್‌ನಲ್ಲಿ 25,28,668ರಿಂದ ಹೊಸ ಮಾಡೆಲ್ ವರ್ಷ ಶುರುವಾಯಿತು. 1960ರ ಆಗಸ್ಟ್‌ನಲ್ಲಿ ಮುಂದಿನ ವರ್ಷದ್ದು 31,92,507ರಿಂದ. ನಮ್ಮ ನಂಬರ್ ಇವೆರಡರ ನಡುವೆ ಬರುತ್ತದೆ, ಅಂದರೆ 1960ರ ಮಾಡೆಲ್. ಆಗ ಈ ಕಂಪನಿಯ ಮಾಡೆಲ್ ವರ್ಷ ಜನವರಿಯಲ್ಲಿ ಶುರುವಾಗುತ್ತಿರಲಿಲ್ಲ, ಆಗಸ್ಟ್‌ನಲ್ಲಿ ಶುರುವಾಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಒಂದು ವರ್ಷ ಹೆಚ್ಚುಕಡಿಮೆ ಆಗುತ್ತದೆ. 1965ರ ಮಾಡೆಲ್‌ನಿಂದ ನಂಬರ್ ಒಂಬತ್ತು ಅಂಕಿಗೆ ಹೋಯಿತು. ಅದರಲ್ಲಿ ಮೂರನೇ ಅಂಕಿ ನೋಡಿದರೆ ಸಾಕು, ಮಾಡೆಲ್ ವರ್ಷ ತಿಳಿಯುತ್ತದೆ. 115 ಅಂತ ಶುರುವಾದರೆ 1965.

1960ರ ಬೀಟಲ್‌ಗೆ ಕಾರ್ಖಾನೆಯಿಂದ ಬಂದ ಎಂಜಿನ್ 1192 ಸಿಸಿ, 30 ಅಶ್ವಶಕ್ತಿ. ಆರ್‌ಸಿಯಲ್ಲೂ ಏಳು ಅಂಕಿಯ ಎಂಜಿನ್ ನಂಬರ್ ಇತ್ತು, 3ರಿಂದ ಶುರು. ಆ ವರ್ಷಕ್ಕೆ ಅದು ಸರಿಹೊಂದುತ್ತದೆ. ಹೆಡ್ ಬಿಚ್ಚಿ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಅಳೆದೆವು. 77 ಮಿಲಿಮೀಟರ್. 1192 ಸಿಸಿ ಎಂಜಿನ್ನಿನ ಬೋರ್ ಅಷ್ಟೇ. ಕಾಗದ ಸರಿ, ಗಾಡಿಯ ವಯಸ್ಸು ಸರಿ, ಅಳತೆಯೂ ಸರಿ. ಮೂರೂ ಒಂದನ್ನೇ ಹೇಳಿದ ಮೇಲೆ ಸಂಶಯ ಯಾಕೆ ಬರಬೇಕು? 1192 ಸಿಸಿಯ ಸೆಟ್‌ಗೆ ದುಡ್ಡು ಕಳಿಸಿದೆ.

ಭಾನುವಾರ ಬೆಳಿಗ್ಗೆ ನಂಬರ್ ಹುಡುಕಲು ಕೂತೆವು. ಬೀಟಲ್‌ನಲ್ಲಿ ಜಾಗ ಹುಡುಕುವುದು ಕಷ್ಟವಲ್ಲ. ಎಂಜಿನ್ ನಡುವೆ ಮೇಲೆ ಡೈನಮೋ ಕೂತಿರುತ್ತದೆ. ಅದನ್ನು ಹೊತ್ತಿರುವ ಸ್ಟ್ಯಾಂಡಿನ ಬುಡದಲ್ಲಿ, ಕ್ರ್ಯಾಂಕ್ ಕೇಸಿನ (ಎಂಜಿನ್ನಿನ ಹೊರ ಕವಚ) ಎರಡು ಹೋಳು ಸೇರುವ ಕಡೆ ನಂಬರ್ ಇರುತ್ತದೆ. ಗಾಡಿಯ ಹಿಂದೆ ನಿಂತು ಪುಲ್ಲಿಯ ಮೇಲಿಂದ ಬಗ್ಗಿ ನೋಡಿದರೆ ಕಾಣಬೇಕು. ನಮಗೆ ಕಂಡಿದ್ದು ಬೆರಳಷ್ಟು ದಪ್ಪದ ಕಪ್ಪು ಜಿಡ್ಡು. ಮೂವತ್ತು-ನಲವತ್ತು ವರ್ಷದ ಎಣ್ಣೆ, ಕೆಂಪು ಮಣ್ಣಿನ ಧೂಳು ಎಲ್ಲ ಸೇರಿ ಗಟ್ಟಿಯಾಗಿತ್ತು.

ನಾನು ಡ್ರಿಲ್ಲಿಗೆ ತಂತಿ ಬ್ರಷ್ ಹಾಕಲು ಹೋದೆ. ಕಾಕಾ ತಡೆದರು. ಈ ಕೇಸ್ ಎರಕದ ಕಬ್ಬಿಣದ್ದಲ್ಲ, ಮೆಗ್ನೀಸಿಯಂ ಮಿಶ್ರಲೋಹ. ಮೆತ್ತಗಿರುತ್ತದೆ. ತಂತಿ ಬ್ರಷ್ ಆಡಿಸಿದರೆ ಒತ್ತಿದ ಅಂಕಿಯ ಅಂಚು ಸವೆದುಹೋಗುತ್ತದೆ. ಆಸಿಡ್ ಹಾಕಿದರೆ ಲೋಹವನ್ನೇ ತಿನ್ನುತ್ತದೆ. ಗ್ರೈಂಡರ್ ಹಿಡಿದರೆ ಇನ್ನೂ ಅಪಾಯ. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತುತ್ತದೆ, ನೀರು ಹಾಕಿದರೆ ಅದು ಜೋರಾಗುತ್ತದೆ. ಸಮುದ್ರದ ಉಪ್ಪು ಗಾಳಿಗೂ ಈ ಲೋಹ ಬೇಗ ಹಾಳಾಗುತ್ತದೆ. ಗೋವಾದಲ್ಲಿ ನಿಂತೇ ಇರುವ ಬೀಟಲ್ ಎಂಜಿನ್‌ಗಳ ಮೇಲೆ ಬಿಳಿ ಪುಡಿ ಕಾಣುವುದು ಅದಕ್ಕೇ. ಒಂದು ಲೆಕ್ಕಕ್ಕೆ ಆ ಜಿಡ್ಡೇ ನಮ್ಮ ನಂಬರನ್ನು ಇಷ್ಟು ವರ್ಷ ಕಾಪಾಡಿತ್ತು.

ಹಾಗಾಗಿ ನಿಧಾನದ ದಾರಿ ಹಿಡಿದೆವು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿಟ್ಟು ಒಂದು ತಾಸು ಬಿಟ್ಟೆವು. ಬಿದಿರಿನ ಚಕ್ಕೆಯಿಂದ ಜಿಡ್ಡು ಎಬ್ಬಿಸಿದೆವು. ಮತ್ತೆ ಸೀಮೆಎಣ್ಣೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್. ಕೊನೆಗೆ ಬನಿಯನ್ ವೇಸ್ಟ್‌ನಿಂದ ಒಣಗಿಸಿದೆವು. ಅಂಕಿಗಳ ನೆರಳು ಕಂಡಿತು, ಓದಲು ಆಗಲಿಲ್ಲ.

ಇಲ್ಲಿ ಟಾರ್ಚ್ ಹಿಡಿಯುವ ರೀತಿ ಮುಖ್ಯ. ನೇರವಾಗಿ ಬೆಳಕು ಬಿಟ್ಟರೆ ಲೋಹ ಹೊಳೆಯುತ್ತದೆ, ಅಂಕಿ ಮಾಯ. ಟಾರ್ಚನ್ನು ಪಕ್ಕಕ್ಕೆ ಮಲಗಿಸಿ, ಬೆಳಕು ಮೇಲ್ಮೈಗೆ ಸವರಿಕೊಂಡು ಹೋಗುವ ಹಾಗೆ ಹಿಡಿಯಬೇಕು. ಆಗ ಒತ್ತಿದ ಗೆರೆಯೊಳಗೆ ನೆರಳು ಬೀಳುತ್ತದೆ. ಎಡದಿಂದ ಒಂದು ಫೋಟೋ, ಬಲದಿಂದ ಒಂದು, ಮೇಲಿಂದ ಒಂದು. ನಾನು 8 ಅಂತ ಓದಿದ್ದ ಅಂಕಿಯನ್ನು ಕಾಕಾ 3 ಅಂದರು. ಎಡದ ಬೆಳಕಿನ ಫೋಟೋದಲ್ಲಿ ಅದು ಸ್ಪಷ್ಟವಾಗಿ 3. ಬಲಗಡೆಯಿಂದ ನೋಡಿದಾಗ ಒಂದು ಗೀರು ಸೇರಿಕೊಂಡು 8ರ ಹಾಗೆ ಕಂಡಿತ್ತು. 0 ಮತ್ತು 6, 1 ಮತ್ತು 7 ಕೂಡ ಹೀಗೇ ಮೋಸ ಮಾಡುತ್ತವೆ. ಒಂದೇ ಫೋಟೋ ನಂಬಿ ಸಾಮಾನು ತರಿಸಬೇಡಿ.

ಆಮೇಲೆ ಪೆನ್ಸಿಲ್ ಪ್ರಿಂಟ್. ಇನ್ಶೂರೆನ್ಸ್‌ಗೆ, ಆರ್‌ಟಿಒ ಕೆಲಸಕ್ಕೆ ಚೇಸಿ ನಂಬರ್ ತೆಗೆಯುತ್ತಾರಲ್ಲ, ಅದೇ. ತೆಳು ಕಾಗದ ಇಟ್ಟು, ಮೆತ್ತನೆ ಪೆನ್ಸಿಲನ್ನು ಓರೆಯಾಗಿ ಹಗುರವಾಗಿ ಉಜ್ಜಬೇಕು. ಲೋಹ ತಾಗಿದ ಕಡೆ ಕಪ್ಪು, ಅಂಕಿ ಇರುವ ಕಡೆ ಬಿಳಿ. ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ ಇಟ್ಟುಕೊಂಡರೆ ವರ್ಷಗಟ್ಟಲೆ ಇರುತ್ತದೆ. ಕಾಕಾ ಹತ್ತಿರ ಇಂಥ ಪಟ್ಟಿಗಳು ತುಂಬಿದ ಒಂದು ನೋಟ್‌ಬುಕ್ಕೇ ಇದೆ.

ಕಾಗದದ ಮೇಲೆ ಮೊದಲು ಮೂಡಿದ್ದು ಒಂದು ಅಕ್ಷರ. ಎಫ್. ಅದರ ಮುಂದೆ 0, ಆಮೇಲೆ ಉಳಿದ ಅಂಕಿಗಳು.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. 1960ರ ಬೀಟಲ್ ಎಂಜಿನ್ ನಂಬರ್‌ನಲ್ಲಿ ಅಕ್ಷರವೇ ಇರುವಂತಿಲ್ಲ. ಅಲ್ಲಿಯವರೆಗೆ ಬರೀ ಅಂಕಿಗಳ ಸಾಲು. 1960ರ ಆಗಸ್ಟ್‌ನಲ್ಲಿ 34 ಅಶ್ವಶಕ್ತಿಯ ಹೊಸ ಎಂಜಿನ್ ಬಂದಾಗ ಸಾಲನ್ನು 50,00,001ರಿಂದ ಹೊಸದಾಗಿ ಶುರು ಮಾಡಿದರು, ಅದೂ ಬರೀ ಅಂಕಿ. ಅಕ್ಷರ ಹಾಕಲು ಶುರು ಮಾಡಿದ್ದು 1965ರ ಆಗಸ್ಟ್‌ನಲ್ಲಿ. ಡಿ ಅಂದರೆ 1200. ಎಫ್ ಅಂದರೆ 1300, ಸರಿಯಾಗಿ ಹೇಳಬೇಕೆಂದರೆ 1285 ಸಿಸಿ. ಮರುವರ್ಷ 1500ಕ್ಕೆ ಎಚ್ ಬಂತು. ಮುಂದೆ 1600ಕ್ಕೆ ಬಿ, ಎಡಿ ಬಂದವು. ಅಂದರೆ ನಮ್ಮ ಗಾಡಿಯೊಳಗೆ ಕೂತಿದ್ದ ಎಂಜಿನ್ ಆ ಗಾಡಿಗಿಂತ ಕನಿಷ್ಠ ಐದು ವರ್ಷ ಚಿಕ್ಕದು.

ಹಾಗಾದರೆ ಬೋರ್ ಹೇಗೆ ಸರಿ ಬಂತು? 1200 ಮತ್ತು 1300 ಎರಡರದೂ ಬೋರ್ 77 ಮಿಲಿಮೀಟರೇ. ಬೇರೆ ಇರುವುದು ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ. 1200ರದ್ದು 64, 1300ರದ್ದು 69. ಗಜನ್ ಪಿನ್ ಕೂಡ 1200ಕ್ಕೆ 20, 1300ಕ್ಕೆ 22. ನಾವು ಅಳೆದಿದ್ದು ಎರಡಕ್ಕೂ ಸಮ ಇರುವ ಒಂದೇ ಒಂದು ಅಳತೆಯನ್ನು! ಅವತ್ತೇ ಒಂದನೇ ಸಿಲಿಂಡರಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಇದ್ದಾಗ ಒಮ್ಮೆ, ಪೂರ್ತಿ ಕೆಳಗೆ ಇದ್ದಾಗ ಒಮ್ಮೆ ಆಳ ಅಳೆದೆವು. ವ್ಯತ್ಯಾಸ 69. ಲೆಕ್ಕ ಹಾಕಿದೆ: 7.7 ಗುಣಿಸು 7.7, ಗುಣಿಸು 0.7854, ಗುಣಿಸು 6.9, ಗುಣಿಸು ನಾಲ್ಕು ಸಿಲಿಂಡರ್. 1285. ನಂಬರ್ ಹೇಳಿದ್ದನ್ನೇ ಅಳತೆಯೂ ಹೇಳಿತು.

ಗೊತ್ತಾದ ಮೇಲೆ ನೋಡಿದರೆ ಎಂಜಿನ್ ಮೈತುಂಬ ಸಾಕ್ಷಿ ಇತ್ತು. 30 ಅಶ್ವಶಕ್ತಿಯ ಹಳೇ ಎಂಜಿನ್ನಿನಲ್ಲಿ ಡೈನಮೋ ಸ್ಟ್ಯಾಂಡ್ ಕೇಸಿನ ಬಲ ಹೋಳಿನ ಜೊತೆಗೇ ಎರಕ ಹೊಯ್ದಿರುತ್ತದೆ, ಬಿಚ್ಚಲು ಬರುವುದಿಲ್ಲ. ನಮ್ಮದರಲ್ಲಿ ಸ್ಟ್ಯಾಂಡ್ ಬೇರೆ, ನಟ್ ಹಾಕಿ ಕೂರಿಸಿದ್ದು. ಫ್ಯಾನ್ ಮುಚ್ಚಿರುವ ತಗಡಿನ ಎರಡೂ ಬದಿಗೆ ಹೀಟರ್ ಪೈಪಿನ ದೊಡ್ಡ ಬಾಯಿಗಳಿದ್ದವು. 1960ರ ಬಾಡಿಯಲ್ಲಿ ಆ ಪೈಪಿಗೆ ಜಾಗವೇ ಇಲ್ಲ. ಯಾರೋ ತಗಡು ಕತ್ತರಿಸಿ ಎರಡನ್ನೂ ನೀಟಾಗಿ ಮುಚ್ಚಿದ್ದರು. ಫ್ಲೈವ್ಹೀಲ್ ಹಲ್ಲು ಎಣಿಸಿದೆ, 109. ಅದು 6 ವೋಲ್ಟ್ ಗಾಡಿಯದು. 12 ವೋಲ್ಟಿನದಾದರೆ 130 ಇರುತ್ತದೆ. ಆ ಸಾಮಾನು ಮಾತ್ರ ನಮ್ಮ ಗಾಡಿಗೆ ಒಪ್ಪುತ್ತಿತ್ತು.

ಒಂದು ಎಚ್ಚರಿಕೆ. ಎಂಜಿನ್ ಮೇಲೆ ಉಬ್ಬಿಕೊಂಡ ನಂಬರ್‌ಗಳೂ ಇರುತ್ತವೆ, 113 101 ಅಂತ ಶುರುವಾಗುವಂಥವು. ಅವು ಎರಕದ ಅಚ್ಚಿನಲ್ಲೇ ಬಂದ ಬಿಡಿಭಾಗದ ನಂಬರ್. ಅದೇ ನಂಬರ್ ಸಾವಿರಾರು ಎಂಜಿನ್ನಿನಲ್ಲಿ ಇರುತ್ತದೆ. ಎಂಜಿನ್ ನಂಬರ್ ಯಾವತ್ತೂ ಒಳಕ್ಕೆ ಒತ್ತಿದ್ದು. ಬೆರಳು ಸವರಿದರೆ ಉಬ್ಬು ಯಾವುದು, ತಗ್ಗು ಯಾವುದು ತಿಳಿಯುತ್ತದೆ.

ಮಧ್ಯಾಹ್ನ ರೊಟ್ಟಿ ತಿನ್ನುತ್ತಾ ಕಾಕಾ ತಮ್ಮ ನೋಟ್‌ಬುಕ್ ತೆರೆದರು. ಹೆಚ್ಚಿನದು ಮಾರುತಿ ಗಾಡಿಗಳದ್ದು. ಅವುಗಳ ಕೋಡ್ ಓದುವುದು ಸುಲಭ. ಮಾರುತಿ 800, ಓಮ್ನಿಯಲ್ಲಿ ಎಫ್8ಬಿ: ಎಫ್ ಅಂದರೆ ಎಂಜಿನ್ ಮನೆತನ, 8 ಅಂದರೆ ಸುಮಾರು 800 ಸಿಸಿ, ಸರಿಯಾಗಿ 796. ಹಳೇ ಜಿಪ್ಸಿಯ ಎಫ್10ಎ 970 ಸಿಸಿ. ಝೆನ್‌ನ ಜಿ10ಬಿ 993. ಎಸ್ಟೀಮ್ ಮತ್ತು ಆಮೇಲಿನ ಜಿಪ್ಸಿಯ ಜಿ13 ಎಂಜಿನ್ 1298. ಇಲ್ಲಿ ಒಂದು ಚಂದದ ವಿಷಯ ಕಂಡಿತು. ಎಫ್8ಬಿ, ಎಫ್10ಎ ಎರಡರದೂ ಸ್ಟ್ರೋಕ್ 72 ಮಿಲಿಮೀಟರ್. ಮೂರು ಸಿಲಿಂಡರಿನ ಎಫ್8ಬಿಯ ಬೋರ್ 68.5, ನಾಲ್ಕು ಸಿಲಿಂಡರಿನ ಎಫ್10ಎದು 65.5. ಬೀಟಲ್‌ನಲ್ಲಿ ಬೋರ್ ಸಮ, ಇಲ್ಲಿ ಸ್ಟ್ರೋಕ್ ಸಮ. ಒಂದೇ ಅಳತೆ ನಂಬಿದರೆ ಎಲ್ಲಿ ಬೇಕಾದರೂ ಹೀಗೇ ಆಗಬಹುದು.

"ಕೋಡ್ ಅಂದ್ರ ಮನಿ ಹೆಸರು ಇದ್ದಂಗ, ಆಮ್ಯಾಲಿನ ನಂಬರ್ ಅಂದ್ರ ಅವನ ಸ್ವಂತ ಹೆಸರು" ಅಂದರು ಕಾಕಾ. "ಸಾಮಾನು ತರಾಕ ಮನಿ ಹೆಸರು ಬೇಕು. ಆರ್‌ಟಿಒಕ್ಕ ಎರಡೂ ಬೇಕು."

ಹಾಗಾದರೆ ಆರ್‌ಸಿಯಲ್ಲಿದ್ದ ಎಂಜಿನ್ ಎಲ್ಲಿ ಹೋಯಿತು? ಮುಂದಿನ ಶನಿವಾರ ಲೋಟ್ಲಿಗೆ ಹೋದೆ. ಗಾಡಿ ಕೊಟ್ಟ ಆಂಟಿಗೆ ಎಂಬತ್ತು ದಾಟಿದೆ. ಅವರ ಗಂಡ ತಾರ್ವಟಿ, ಹಡಗಿನಲ್ಲಿ ಕೆಲಸಕ್ಕಿದ್ದವರು. ಎಂಜಿನ್ ಒಡೆದಾಗ ಬೇರೆ ಎಂಜಿನ್ ಹೊರಗಿನಿಂದ ಅವರೇ ತರಿಸಿದರಂತೆ. ಯಾವ ವರ್ಷ ಅಂತ ಆಂಟಿಗೆ ನೆನಪಿಲ್ಲ. "ಹಳೇದನ್ನು ಬಿಸಾಕಲು ಬಿಡಲಿಲ್ಲ" ಅಂತ ಕೊಂಕಣಿಯಲ್ಲಿ ಹೇಳಿ ಹಿತ್ತಲಿನ ಕೊಟ್ಟಿಗೆ ತೋರಿಸಿದರು.

ತೆಂಗಿನ ಕರಟದ ರಾಶಿ ಸರಿಸಿದಾಗ ಕೇಸಿನ ಎರಡು ಹೋಳು ಸಿಕ್ಕವು. ಬಲ ಹೋಳಿನಲ್ಲಿ ಡೈನಮೋ ಸ್ಟ್ಯಾಂಡ್ ಒಟ್ಟಿಗೇ ಎರಕವಾಗಿತ್ತು. ಎಡ ಹೋಳಿನಲ್ಲಿ ಮೂರನೇ ಸಿಲಿಂಡರ್ ಪಕ್ಕ ಮುಷ್ಟಿಯಷ್ಟು ತೂತು. ರಾಡ್ ಮುರಿದು ಹೊರಗೆ ಬಂದಿರಬೇಕು. ಮೈಯೆಲ್ಲ ಬಿಳಿ ಪುಡಿ. ಸ್ಟ್ಯಾಂಡಿನ ಮೇಲೆ ನಂಬರ್ ಅರ್ಧ ತಿಂದುಹೋಗಿತ್ತು. ಅಲ್ಲೇ ಕೂತು ಮೊಬೈಲ್ ಟಾರ್ಚ್ ಓರೆ ಹಿಡಿದು ಒಂದೊಂದೇ ಅಂಕಿ ಆರ್‌ಸಿಗೆ ಹೋಲಿಸಿದೆ. ಏಳೂ ಸರಿ. ಆರ್‌ಸಿ ಸುಳ್ಳು ಹೇಳಿರಲಿಲ್ಲ. ಎಂಜಿನ್ ಬದಲಾದ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ ಅಷ್ಟೇ. ಆಂಟಿಯ ಮುಂದೆ ಆ ಪೆನ್ಸಿಲ್ ಪ್ರಿಂಟ್ ಇಟ್ಟಾಗ ಅವರು ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

ಈ ಸುದ್ದಿ ತಿಳಿದ ಒಬ್ಬರು ಸುಲಭದ ದಾರಿ ಹೇಳಿದರು. ಎಫ್ ನಂಬರ್ ಉಜ್ಜಿ ಹಾಕಿ, ಆರ್‌ಸಿಯ ಏಳು ಅಂಕಿ ಪಂಚ್ ಹೊಡೆದರೆ ಮುಗಿಯಿತು, ಯಾರಿಗೂ ಗೊತ್ತಾಗಲ್ಲ ಅಂತ. ಗೊತ್ತಾಗುತ್ತದೆ. ಕೈಯಲ್ಲಿ ಹೊಡೆದ ಅಂಕಿ ಒಂದು ಮೇಲೆ ಒಂದು ಕೆಳಗೆ ಹೋಗುತ್ತದೆ, ಒಂದು ಆಳ ಒಂದು ತೆಳು. ಸುತ್ತಲಿನ ಎರಕದ ಒರಟು ಹೋಗಿ ಗ್ರೈಂಡರಿನ ಗೆರೆ ಉಳಿಯುತ್ತದೆ. ಪಂಚ್ ಹೊಡೆದಾಗ ಅಂಕಿಯ ಕೆಳಗಿನ ಲೋಹವೂ ಅದುಮಿರುತ್ತದೆ. ಮೇಲಿನ ಗೆರೆ ಉಜ್ಜಿದರೂ ಆ ಅದುಮಿದ ಭಾಗ ಉಳಿದಿದ್ದರೆ ಅಪರಾಧ ಪತ್ತೆಯ ಲ್ಯಾಬಿನವರು ರಾಸಾಯನಿಕ ಹಚ್ಚಿ ಹಳೇ ಅಂಕಿಯನ್ನು ಎಬ್ಬಿಸಬಲ್ಲರು. ಕಳ್ಳ ಗಾಡಿಗಳನ್ನು ಹಿಡಿಯುವುದೇ ಹೀಗೆ. ಸಿಕ್ಕಿಬೀಳುವ ಮಾತು ಬಿಡಿ, ಒಬ್ಬ ಮನುಷ್ಯ ದೂರದಿಂದ ತರಿಸಿ, ತಗಡು ಕತ್ತರಿಸಿ ಜೋಡಿಸಿದ ಎಂಜಿನ್ ಇದು. ಅದರ ಹೆಸರು ಅಳಿಸಲು ನನಗೆ ಮನಸ್ಸಾಗಲಿಲ್ಲ.

ನೇರ ದಾರಿಯೇ ಸರಿ. ಎಂಜಿನ್ ಬದಲಾದರೆ ಅದು ಆರ್‌ಸಿಯಲ್ಲಿ ದಾಖಲಾಗಬೇಕು, 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅದರ ಬಗ್ಗೆಯೇ ಇದೆ. ಎರಡೂ ನಂಬರ್‌ಗಳ ಪೆನ್ಸಿಲ್ ಪ್ರಿಂಟ್, ಫೋಟೋಗಳು, ಆಂಟಿಯ ಕೈಬರಹದ ಪತ್ರ ಎಲ್ಲ ಸೇರಿಸಿ ಅರ್ಜಿ ಕೊಟ್ಟಿದ್ದೇನೆ. ಇನ್ನೊಂದು ಆಸೆ ಕೈಬಿಡಬೇಕಾಯಿತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿತು, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಎಂಜಿನ್‌ನಲ್ಲೂ ದೊಡ್ಡ ಬದಲಾವಣೆ ಆಗಿರಬಾರದು ಅಂತ ನಿಯಮ. ಎಫ್ ಎಂಜಿನ್ ಇಟ್ಟುಕೊಂಡು ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಮಾಮೂಲಿ ನೋಂದಣಿಯಲ್ಲೇ ಓಡಲಿ.

ಉಳಿದ ಕೆಲಸ ಬೇಗ ಆಯಿತು. 1200ರ ಸೆಟ್ ಮುಂಬೈಗೆ ವಾಪಸ್ ಹೋಯಿತು, ಸಾಗಣೆ ಖರ್ಚು ನನ್ನದು. ಈ ಸಲ ಪೆನ್ಸಿಲ್ ಪ್ರಿಂಟ್‌ನ ಫೋಟೋ ಕಳಿಸಿಯೇ 1300ರ ಸೆಟ್ ಕೇಳಿದೆ. ಪಿನ್ 22, ಹೆಬ್ಬೆರಳಿನಿಂದ ಒತ್ತಿದರೆ ಬುಷ್ ಒಳಗೆ ಮೆಲ್ಲಗೆ ಜಾರಿತು. ಕ್ರ್ಯಾಂಕ್ ಹಿಂದೆಮುಂದೆ ಆಡುವ ಸಂದು 0.07ರಿಂದ 0.13 ಮಿಲಿಮೀಟರ್ ನಡುವೆ ಇರಬೇಕು, ಮೂರು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ 0.10ಕ್ಕೆ ತಂದೆವು. ಫ್ಲೈವ್ಹೀಲಿನ 36ರ ನಟ್‌ಗೆ 30 ಕೆಜಿ-ಮೀಟರ್ ಬಿಗಿತ ಬೇಕು. ನಮ್ಮ ಟಾರ್ಕ್ ಪಾನಾ ಅಷ್ಟು ದೂರ ಹೋಗುವುದಿಲ್ಲ. ಪಾನಾಕ್ಕೆ ಪೈಪ್ ಸಿಕ್ಕಿಸಿ, ಸರಿಯಾಗಿ ಒಂದು ಮೀಟರಿಗೆ ಗುರುತು ಹಾಕಿ, ಅಲ್ಲಿ ಸ್ಪ್ರಿಂಗ್ ತಕ್ಕಡಿ ಕಟ್ಟಿ 30 ಕೆಜಿ ತೋರಿಸುವವರೆಗೆ ಎಳೆದೆವು. ಎಂಜಿನ್ನನ್ನು ಗಾಡಿಗೆ ಹಿಡಿದಿಡುವುದು ಬರೀ ನಾಲ್ಕು ಬೋಲ್ಟ್. ಅರ್ಧ ದಿನದಲ್ಲಿ ಕೂರಿಸಿ, ಎರಡೂವರೆ ಲೀಟರ್ ಆಯಿಲ್ ಹಾಕಿದೆವು.

ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ನಾಲ್ಕೂ ಸಿಲಿಂಡರ್ ಹತ್ತಿಕೊಂಡ ಆ ಟಪಟಪ ಸದ್ದಿಗೆ ಪಕ್ಕದ ಟೈರ್ ಅಂಗಡಿಯವರೂ ಎದ್ದು ಬಂದರು. ಬಲಗಡೆ ಒಂದು ಪುಶ್‌ರಾಡ್ ಟ್ಯೂಬಿನ ಬುಡದಲ್ಲಿ ಎಣ್ಣೆ ಹನಿಯುತ್ತಿದೆ, ಆ ಸೀಲ್ ಮತ್ತೆ ಬಿಚ್ಚಬೇಕು. ಬ್ರೇಕ್ ಕೆಲಸ ಇನ್ನೂ ಮುಟ್ಟಿಲ್ಲ.

ಲೋಟ್ಲಿಯ ಒಡೆದ ಕೇಸನ್ನು ಆಂಟಿ ನನಗೇ ಕೊಟ್ಟರು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ನಂಬರ್ ಇರುವ ಕಡೆ ದಪ್ಪಗೆ ಗ್ರೀಸ್ ಬಳಿದು ಶೆಡ್ಡಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇವೆ. ಎರಡೂ ಪೆನ್ಸಿಲ್ ಪಟ್ಟಿಗಳನ್ನು ಕಾಕಾ ತಮ್ಮ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಅಂಟಿಸಿ, ಪಕ್ಕದಲ್ಲಿ ಗಾಡಿಯ ನಂಬರ್ ಮತ್ತು ತಾರೀಖು ಬರೆದಿದ್ದಾರೆ.